ಗೊಬ್ಬರ ಹಾಕಿದರೂ ಇಂಗಾಲ ಏಕೆ ಏರಲಿಲ್ಲ?

ಶಿರಾ ತಾಲ್ಲೂಕಿನ ರೈತರೊಬ್ಬರ ಪತ್ರದ ಸಾರ: "ನಮ್ಮದು ಎರಡೆಕರೆ ಕೆಂಪು ಮಣ್ಣಿನ ಹೊಲ, ಮಳೆ ನಂಬಿದ ರಾಗಿ. ಮೂರು ವರ್ಷದಿಂದ ಎಕರೆಗೆ ಎರಡು ಟ್ರ್ಯಾಕ್ಟರ್ ಲೋಡು ತಿಪ್ಪೆ ಗೊಬ್ಬರ ಹೊಡೆಸುತ್ತಿದ್ದೇನೆ. ಮೊದಲ ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ. 0.38 ಇತ್ತು, ಈ ಸಲ 0.40. ಹಾಕಿದ ಗೊಬ್ಬರವೆಲ್ಲ ಎಲ್ಲಿ ಹೋಯಿತು? ಪರೀಕ್ಷೆಯೇ ತಪ್ಪೋ? ಇದನ್ನೆಲ್ಲ ಬಿಟ್ಟು ಬರೀ ಜೀವಾಮೃತಕ್ಕೆ (ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಸಿದ ದ್ರವ) ಹೋಗಲೇ? ಹತ್ತಿರದ ನಾರಿನ ಘಟಕದವರು ತೆಂಗಿನ ನಾರಿನ ಪುಡಿ ಬಿಟ್ಟಿ ಕೊಡುತ್ತೇವೆ ಎನ್ನುತ್ತಿದ್ದಾರೆ, ಹಾಕಬಹುದೇ?"

ಸಂಪಾದಕರ ಉತ್ತರ:

ದಯವಿಟ್ಟು ಗೊಬ್ಬರ ನಿಲ್ಲಿಸಬೇಡಿ. ನಿಮ್ಮ ಹೊಲದಲ್ಲಿ ಆಗಬೇಕಾದ್ದೇ ಆಗಿದೆ, ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಶೇ. 0.38 ಎಂದರೆ 3,400 ಕಿಲೋ ಇಂಗಾಲ. ನೀವು ಎಕರೆಗೆ ವರ್ಷಕ್ಕೆ ಸುಮಾರು 4 ಟನ್‌ನಂತೆ ಮೂರು ವರ್ಷದಲ್ಲಿ 12 ಟನ್ ಗೊಬ್ಬರ ಹಾಕಿದ್ದೀರಿ. ಅದರಲ್ಲಿ ಅರ್ಧದಷ್ಟು ನೀರು, ಉಳಿದದ್ದರಲ್ಲಿ ಮಣ್ಣು, ಬೂದಿ ಎಲ್ಲ ಸೇರಿರುತ್ತದೆ. ನಿಜವಾದ ಇಂಗಾಲ ಹೆಚ್ಚೆಂದರೆ ಒಂದೂವರೆ ಟನ್. ಅದರಲ್ಲೂ ಬಹುಪಾಲನ್ನು ಸೂಕ್ಷ್ಮಜೀವಿಗಳು ತಿಂದು ಉಸಿರಿನ ಮೂಲಕ ಗಾಳಿಗೆ ಬಿಡುತ್ತವೆ. ನಮ್ಮ ಬಿಸಿಲ ಸೀಮೆಯಲ್ಲಿ ಕೆಲವು ವರ್ಷಗಳ ಮೇಲೆ ಹತ್ತರಲ್ಲಿ ಒಂದೆರಡು ಪಾಲು ಉಳಿದರೆ ಪುಣ್ಯ. ಅಂದರೆ 200 ಕಿಲೋ ಆಸುಪಾಸು. ಶೇಕಡಾವಾರಿನಲ್ಲಿ 0.02. ನಿಮ್ಮ ಚೀಟಿಯಲ್ಲಿ ಬಂದಿರುವುದೂ ಅಷ್ಟೇ!

ಹಾಗೆಂದು ಆ ಅಂಕಿಯನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಲೂ ಬೇಡಿ. ಪ್ರಯೋಗಾಲಯಗಳಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು 1934ರಲ್ಲಿ ವಾಕ್ಲಿ ಮತ್ತು ಬ್ಲ್ಯಾಕ್ ಹೇಳಿಕೊಟ್ಟ, ಇಂಗಾಲವನ್ನು ಅಂದಾಜಿಸುವ ವಿಧಾನ. 0.02ರಷ್ಟು ವ್ಯತ್ಯಾಸ ಮಾದರಿ ತೆಗೆಯುವ ಕೈಯಲ್ಲೇ ಬಂದುಬಿಡಬಹುದು. ಇನ್ನೊಂದು ಮಾತು. ನಿಮ್ಮ ಮೊದಲ ಅಂಕಿ ಸರ್ಕಾರದ ಮಣ್ಣು ಆರೋಗ್ಯ ಚೀಟಿಯದಾದರೆ, 2015ರಲ್ಲಿ ಆ ಯೋಜನೆ ಶುರುವಾದಾಗ ಮಳೆಯಾಶ್ರಿತ ಜಮೀನಿನಲ್ಲಿ 10 ಹೆಕ್ಟೇರಿಗೆ, ಎಂದರೆ 25 ಎಕರೆಗೆ, ಒಂದೇ ಮಾದರಿ ತೆಗೆಯುತ್ತಿದ್ದರು. ಆ ಮಣ್ಣು ನಿಮ್ಮ ಪಕ್ಕದವರ ಹೊಲದ್ದೂ ಆಗಿದ್ದೀತು. ಮುಂದಿನ ಸಲ ನೀವೇ ತೆಗೆಯಿರಿ: ಸುಗ್ಗಿ ಮುಗಿದ ಮೇಲೆ, ಪ್ರತಿ ಬಾರಿ ಅದೇ ತಿಂಗಳಲ್ಲಿ, ಬದು, ಮರದ ನೆರಳು, ಗೊಬ್ಬರದ ಗುಡ್ಡೆ ಬಿದ್ದಿದ್ದ ಜಾಗ ಬಿಟ್ಟು, ಹತ್ತಾರು ಕಡೆ ಅರ್ಧ ಅಡಿ ಆಳದ ಮಣ್ಣು ಕೂಡಿಸಿ ಅರ್ಧ ಕಿಲೋ.

ಅಂಕಿಗಿಂತ ಮೊದಲು ಬದಲಾಗುವುದು ಮಣ್ಣಿನ ಕಟ್ಟು. ಬದುವಿನ ಹೊಂಗೆ ಮರದ ಬುಡದಿಂದ ಒಂದು ಒಣ ಹೆಂಟೆ, ಹೊಲದ ನಡುವಿನಿಂದ ಒಂದು ಹೆಂಟೆ ತಂದು ಎರಡು ಗಾಜಿನ ಲೋಟದ ನೀರಿನಲ್ಲಿ ಮೆಲ್ಲಗೆ ಬಿಡಿ. ಹೊಲದ ಹೆಂಟೆ ಗುಳ್ಳೆ ಬಿಡುತ್ತಾ ನೋಡುನೋಡುತ್ತಲೇ ಕರಗಿ ತಳದಲ್ಲಿ ರಾಡಿಯಾಗುತ್ತದೆ. ಹೊಂಗೆ ಬುಡದ್ದು ಹಾಗೆಯೇ ನಿಂತಿರುತ್ತದೆ, ನೀರೂ ತಿಳಿಯಾಗಿರುತ್ತದೆ. ಮಳೆ ಹೊಡೆದ ಮೇಲೆ ಹೊಲದ ಮೇಲ್ಮೈ ಹಪ್ಪಳದ ಹಾಗೆ ಗಟ್ಟಿಯಾಗುವುದು, ರಾಗಿ ಮೊಳಕೆ ಮೇಲೇಳಲು ಒದ್ದಾಡುವುದು ಈ ಕಾರಣಕ್ಕೇ. ವರ್ಷಕ್ಕೊಮ್ಮೆ ಹೀಗೆ ನೋಡುತ್ತಾ ಬನ್ನಿ.

ಮಣ್ಣಿನಲ್ಲಿ ಇಂಗಾಲ ಉಳಿಯುವ ಬಗೆಯನ್ನು ವಿಜ್ಞಾನಿಗಳು ಈಗ ಬೇರೆ ರೀತಿ ನೋಡುತ್ತಿದ್ದಾರೆ. ಕೊಳೆತು ಕೊಳೆತು ಕೊನೆಗೆ ಯಾರೂ ತಿನ್ನಲಾಗದ ಕಪ್ಪು ವಸ್ತುವೊಂದು ಉಳಿಯುತ್ತದೆ ಎಂಬ ಹಳೆಯ ನಂಬಿಕೆಯನ್ನು ಲೇಮನ್ ಮತ್ತು ಕ್ಲೇಬರ್ 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಶ್ನಿಸಿದರು. ಇಂಗಾಲ ಬಹುಕಾಲ ಉಳಿಯುವುದು ಜೇಡಿ ಕಣಕ್ಕೆ ಅಂಟಿಕೊಂಡಾಗ, ಸಣ್ಣ ಮಣ್ಣುಂಡೆಯೊಳಗೆ ಸಿಕ್ಕಿಕೊಂಡು ಸೂಕ್ಷ್ಮಜೀವಿಯ ಬಾಯಿಗೆ ಎಟುಕದಾದಾಗ. ನಿಮ್ಮ ಕೆಂಪು ಮರಳು ಮಣ್ಣಿನಲ್ಲಿ ಜೇಡಿಯೇ ಕಡಿಮೆ. ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆ ಗೋಡು, ಎಂದರೆ ಕೆರೆ ತಳದ ಜೇಡಿ ಹೂಳು, ಹೊಡೆಯುತ್ತಿದ್ದುದರ ಬೆಲೆ ಇಲ್ಲಿದೆ. ಗೋಡನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಚೌಳು (ಉಪ್ಪಿನಂಶ) ಇಲ್ಲದಿದ್ದರೆ ಧಾರಾಳವಾಗಿ ಹೊಡೆಸಿ. ರೋಟಾವೇಟರ್ ಆ ಉಂಡೆಗಳನ್ನೆಲ್ಲ ಒಡೆದು ಹಾಕುತ್ತದೆ, ಆದಷ್ಟು ದೂರವಿಡಿ.

ಬೇರಿನಿಂದ ಬಂದ ಇಂಗಾಲ ಮೇಲಿನಿಂದ ಹಾಕಿದ್ದಕ್ಕಿಂತ ಹೆಚ್ಚು ಉಳಿಯುತ್ತದೆ. ಆದ್ದರಿಂದ ಮುಂಗಾರಿಗೂ ಮುಂಚಿನ ಮಳೆಗೆ ಸೆಣಬೋ ಹುರುಳಿಯೋ ಚೆಲ್ಲಿ, ಹೂವಿಗೆ ಬರುವಾಗ ಮಣ್ಣಿಗೆ ಸೇರಿಸಿ, ಜುಲೈನಲ್ಲಿ ರಾಗಿ ಬಿತ್ತಿ. ಬದುವಿಗೆ ಗೊಬ್ಬರದ ಸೊಪ್ಪು ಕೊಡುವ ಗ್ಲಿರಿಸಿಡಿಯಾ ನೆಡಿ. ಇನ್ನು ತಿಪ್ಪೆ ಗೊಬ್ಬರದ ವಿಷಯ. ಮಾರ್ಚ್‌ನಲ್ಲೇ ಹೊಲಕ್ಕೆ ಸಾಗಿಸಿ ಚಿಕ್ಕ ಚಿಕ್ಕ ಗುಡ್ಡೆಯಾಗಿ ಬಿಸಿಲಿಗೆ ಬಿಡುವುದನ್ನು ದಾರಿಯುದ್ದಕ್ಕೂ ನೋಡುತ್ತೇವೆ, ಹೊಟ್ಟೆ ಉರಿಯುತ್ತದೆ. ಅದರ ಸಾರಜನಕ ಗಾಳಿಪಾಲು. ನೆರಳಿನ ಗುಂಡಿಯಲ್ಲಿ ಇಟ್ಟು, ಬಿತ್ತನೆಗೆ ಎರಡು ಮೂರು ವಾರ ಮುಂಚೆ ಹೊಡೆದು, ಹರವಿದ ದಿನವೇ ಮಣ್ಣಲ್ಲಿ ಬೆರೆಸಿ.

ಜೀವಾಮೃತದ ಬಗ್ಗೆ ನೇರವಾಗಿ ಹೇಳುತ್ತೇನೆ. ಎಕರೆಗೆ 200 ಲೀಟರ್, ಅದಕ್ಕೆ 10 ಕಿಲೋ ಸಗಣಿ. ಆ ಸಗಣಿಯಲ್ಲಿರುವ ಇಂಗಾಲ ಒಂದು ಕಿಲೋ ಕೂಡ ಇಲ್ಲ. ಗೊಬ್ಬರದ ಜೊತೆಗೆ ಬೇಕಾದರೆ ಕೊಡಿ, ಗೊಬ್ಬರದ ಬದಲಿಗೆ ಖಂಡಿತ ಬೇಡ. ರಸಗೊಬ್ಬರವನ್ನೂ ಒಮ್ಮೆಲೇ ಬಿಡಬೇಡಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ 1978ರಿಂದ ಮಳೆಯಾಶ್ರಿತ ರಾಗಿಯ ಮೇಲೆ ಪ್ರಯೋಗ ನಡೆದುಬಂದಿದೆ. ಬರೀ ರಸಗೊಬ್ಬರದ ತಾಕಿನಲ್ಲಿ ವರ್ಷ ಕಳೆದಂತೆ ಇಳುವರಿ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಮತ್ತು ರಸಗೊಬ್ಬರ ಎರಡನ್ನೂ ಕೊಟ್ಟ ತಾಕು ಇಳುವರಿ ಉಳಿಸಿಕೊಂಡಿತು. ನೀವು ಎಕರೆಗೆ ಹಾಕುತ್ತಿರುವ ನಾಲ್ಕು ಟನ್ ಸರಿಯಾಗಿ ಅದೇ ಪ್ರಮಾಣ.

ಇನ್ನೂ ಧೈರ್ಯ ಬೇಕಿದ್ದರೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ನೋಡಿ. ಅಲ್ಲಿನ ಹೂಸ್‌ಫೀಲ್ಡ್ ಎಂಬ ಬಾರ್ಲಿ ಹೊಲದ ಒಂದು ತಾಕಿಗೆ 1852ರಿಂದ 1871ರವರೆಗೆ ಮಾತ್ರ ಕೊಟ್ಟಿಗೆ ಗೊಬ್ಬರ ಹಾಕಿದರು. ನೂರು ವರ್ಷ ಕಳೆದ ಮೇಲೂ, ಗೊಬ್ಬರವನ್ನೇ ಕಾಣದ ಪಕ್ಕದ ತಾಕಿಗಿಂತ ಅಲ್ಲಿ ಇಂಗಾಲ ಹೆಚ್ಚಿತ್ತು. ಅಲ್ಲಿಯ ಚಳಿ, ಜೇಡಿ ನಮಗಿಲ್ಲ, ನಿಜ. ಆದರೂ ಮಣ್ಣಿಗೆ ಹಾಕಿದ್ದು ಪೂರ್ತಿ ಕಳೆದುಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಾರಿನ ಪುಡಿ ಬಿಟ್ಟಿ ಸಿಗುವುದಾದರೆ ತನ್ನಿ, ಆದರೆ ಹಸಿಯಾಗಿ ರಾಗಿ ಹೊಲಕ್ಕೆ ಹಾಕಬೇಡಿ. ಅದರಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ ನೂರರ ಆಸುಪಾಸು. ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ಬೆಳೆಯ ಪಾಲಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಪೈರು ಹಳದಿಯಾಗುತ್ತದೆ. ಸಗಣಿ ಬಗ್ಗಡ, ಸ್ವಲ್ಪ ಯೂರಿಯಾ, ಗ್ಲಿರಿಸಿಡಿಯಾ ಸೊಪ್ಪು ಪದರ ಪದರವಾಗಿ ಹಾಕಿ, ತೇವ ಆರದಂತೆ ನೋಡಿಕೊಂಡು, ಕಪ್ಪಾಗಿ ಪುಡಿಪುಡಿಯಾದ ಮೇಲೆ ಹೊಲಕ್ಕೆ ಹೊಡೆಯಿರಿ. ಅಷ್ಟು ಪುರುಸೊತ್ತು ಇಲ್ಲವೆಂದರೆ ತೆಂಗಿನ ಪಾತಿಗೆ ಮುಚ್ಚಿಗೆಯಾಗಿ ಹರವಿ.