ಸಬ್‌ವೂಫರ್ ಪೆಟ್ಟಿಗೆ: ಗರಗಸ ಹಿಡಿಯುವ ಮುನ್ನ ಗಾಳಿಯ ಲೆಕ್ಕ

ಹೋಮ್ ಥಿಯೇಟರ್‌ಗೆ ಬೇಕಾದ ಸಬ್‌ವೂಫರ್ (ಬಾಸ್ ಸದ್ದಿಗೆಂದೇ ಇರುವ ಸ್ಪೀಕರ್) ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟಿ, ಬಣ್ಣ ಬಳಿದು ಮುಗಿಸುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು ಮತ್ತು ಅವಕ್ಕೆ ಉತ್ತರ.

ಪ್ರಶ್ನೆ: ಹನ್ನೆರಡು ಇಂಚಿನ ಸಬ್‌ವೂಫರ್ ಡ್ರೈವರ್ (ಪೆಟ್ಟಿಗೆಯಲ್ಲಿ ಕೂರಿಸುವ, ಸದ್ದು ಹೊರಡಿಸುವ ಭಾಗ) ಕೊಂಡಿದ್ದೇನೆ. ಪೆಟ್ಟಿಗೆಗೆ 18 ಮಿ.ಮೀ. ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ) ಸಾಕೇ, 25 ಮಿ.ಮೀ. ಬೇಕೇ? ಅಥವಾ ಗಟ್ಟಿ ಮರದ ಹಲಗೆಯಲ್ಲೇ ಮಾಡಿಸಲೇ? ಅಳತೆ ಎಷ್ಟಿರಬೇಕು?

ಕೊನೆಗೆ ಕೇಳಿದ್ದನ್ನು ನೀವು ಮೊದಲು ಕೇಳಬೇಕಿತ್ತು. ಪೆಟ್ಟಿಗೆಯೊಳಗೆ ಮುಚ್ಚಿಹೋದ ಗಾಳಿ ಡ್ರೈವರಿನ ಕೋನಿನ ಹಿಂದೆ ಒಂದು ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಆ ಸ್ಪ್ರಿಂಗ್ ಬಿಗಿ, ದೊಡ್ಡದಾದಷ್ಟೂ ಸಡಿಲ. ಸದ್ದಿನ ಸ್ವಭಾವವನ್ನು ಬಹುಪಾಲು ತೀರ್ಮಾನಿಸುವುದು ಈ ಬಿಗಿತ. ಮರದ ಜಾತಿಯ ಪಾತ್ರ ಅದರ ಮುಂದೆ ತೀರಾ ಸಣ್ಣದು.

ಡ್ರೈವರಿನೊಂದಿಗೆ ಬಂದ ಕಾಗದದಲ್ಲಿ ಮೂರು ಸಂಖ್ಯೆಗಳನ್ನು ಹುಡುಕಿ. ಎಫ್‌ಎಸ್ ಎಂದರೆ ಡ್ರೈವರಿನ ಸಹಜ ಕಂಪನಾಂಕ. ವಿಎಎಸ್ ಎಂದರೆ ಅದರ ಕೋನನ್ನು ಹಿಡಿದಿರುವ ಮೆತ್ತನೆಯ ಆಸರೆಯಷ್ಟೇ ಬಿಗಿತವಿರುವ ಗಾಳಿಯ ಪ್ರಮಾಣ, ಲೀಟರ್‌ಗಳಲ್ಲಿ. ಕ್ಯೂಟಿಎಸ್ ಎಂದರೆ ಕೋನಿನ ಅಲುಗಾಟ ಎಷ್ಟು ಬೇಗ ಹತೋಟಿಗೆ ಬರುತ್ತದೆ ಎಂಬುದರ ಅಳತೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಮಂಡಿಸಿದ ವಿಶ್ಲೇಷಣೆಯನ್ನು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ವಿಸ್ತರಿಸಿದರು. ಅಂದಿನಿಂದ ಪೆಟ್ಟಿಗೆ ಕಟ್ಟುವುದು ಊಹೆಯ ಕೆಲಸವಾಗಿ ಉಳಿದಿಲ್ಲ. ಈ ಸಂಖ್ಯೆಗಳನ್ನು ಕೊಡದ ಡ್ರೈವರ್ ಎಷ್ಟೇ ಅಗ್ಗವಾಗಿದ್ದರೂ ನಾನು ಮುಟ್ಟುವುದಿಲ್ಲ.

ಉದಾಹರಣೆಗೆ ಎಫ್‌ಎಸ್ 25 ಹರ್ಟ್ಜ್, ಕ್ಯೂಟಿಎಸ್ 0.45, ವಿಎಎಸ್ 90 ಲೀಟರ್ ಎಂದುಕೊಳ್ಳಿ. 60 ಲೀಟರಿನ ಮುಚ್ಚಿದ ಪೆಟ್ಟಿಗೆ ಮಾಡಿದರೆ 90 ಅನ್ನು 60ರಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆಯಿರಿ: 1.58 ಬರುತ್ತದೆ. ಅದರಿಂದ ಕ್ಯೂಟಿಎಸ್ ಅನ್ನು ಗುಣಿಸಿದರೆ 0.71, ಎಫ್‌ಎಸ್ ಅನ್ನು ಗುಣಿಸಿದರೆ ಸುಮಾರು 40 ಹರ್ಟ್ಜ್. ಆ 0.71 ಎಂಬುದೇ ಹೆಚ್ಚಿನವರು ಗುರಿಯಾಗಿಟ್ಟುಕೊಳ್ಳುವ ಮೌಲ್ಯ, ಉಬ್ಬಿಲ್ಲದ ಸಮತಟ್ಟಾದ ಬಾಸ್ ಅಲ್ಲಿ ಸಿಗುತ್ತದೆ. ಅದು 1ರ ಆಚೆ ಹೋದರೆ ಗುಂಯ್‌ಗುಡುವಿಕೆ ಶುರುವಾಗುತ್ತದೆ. 40 ಹರ್ಟ್ಜ್ ಎಂಬುದು ಪೆಟ್ಟಿಗೆಯ ಬಾಸ್ ಇಳಿಯತೊಡಗುವ ಜಾಗ.

ಈಗ ಹಲಗೆಗೆ ಬರೋಣ. ಹೊರಗಿನಿಂದ 45 ಸೆಂ.ಮೀ. ಘನವಾಗಿರುವ ಪೆಟ್ಟಿಗೆಯನ್ನು 18 ಮಿ.ಮೀ. ಹಲಗೆಯಲ್ಲಿ ಕಟ್ಟಿದರೆ ಒಳಗೆ 71 ಲೀಟರ್ ಜಾಗ. ಅದರಲ್ಲಿ ಡ್ರೈವರಿನ ಒಡಲು, ಆಸರೆ ಪಟ್ಟಿಗಳು, ಆಂಪ್ಲಿಫೈಯರ್ ಎಲ್ಲ ಸೇರಿ ಎಂಟೊಂಬತ್ತು ಲೀಟರ್ ತಿನ್ನುತ್ತವೆ. ಉಳಿಯುವುದು ನಮಗೆ ಬೇಕಾದಷ್ಟೇ. ಅದೇ ಹೊರ ಅಳತೆಗೆ 25 ಮಿ.ಮೀ. ಹಲಗೆ ಬಳಸಿದರೆ ಒಳಜಾಗ 64 ಲೀಟರಿಗೆ ಇಳಿಯುತ್ತದೆ. ದಪ್ಪ ಬದಲಿಸಿದಾಗ ಲೆಕ್ಕವನ್ನೂ ಬದಲಿಸದವರೇ ಹೆಚ್ಚು.

ದಪ್ಪದಿಂದ ಸಿಗುವ ಲಾಭವೂ ಜನ ಅಂದುಕೊಂಡಷ್ಟಿಲ್ಲ. 18ರಿಂದ 25ಕ್ಕೆ ಹೋದರೆ ಹಲಗೆ ಕಂಪಿಸುವ ಕಂಪನಾಂಕ 1.4 ಪಟ್ಟು ಮೇಲೇರುತ್ತದೆ. ಅದೇ ಚೌಕ ಹಲಗೆಯ ನಡುವೆ ಒಂದು ಆಸರೆ ಕೊಟ್ಟರೆ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಪೆಟ್ಟಿಗೆಯ ಕಂಪನ ಸಬ್‌ವೂಫರ್ ದುಡಿಯುವ ವ್ಯಾಪ್ತಿಯಿಂದ ಮೇಲೆ ಹೋದರೆ ಸಾಕು, ಆಮೇಲೆ ಅದನ್ನು ಕೆಣಕುವವರೇ ಇರುವುದಿಲ್ಲ. ಆದ್ದರಿಂದ 18 ಮಿ.ಮೀ. ತೆಗೆದುಕೊಳ್ಳಿ, ಕಿಟಕಿ ಚೌಕಟ್ಟಿನಂತೆ ನಡುವೆ ತೂತು ಕೊರೆದ ಎರಡು ಆಸರೆ ಹಲಗೆಗಳನ್ನು ಒಳಗೆ ಅಡ್ಡಡ್ಡ ಕೂರಿಸಿ. ಹಣ ಉಳಿದರೆ ಡ್ರೈವರ್ ಕೂರುವ ಮುಂಭಾಗವನ್ನು ಮಾತ್ರ ಜೋಡಿ ಹಲಗೆ ಮಾಡಿ, ಆ ದಪ್ಪವನ್ನೂ ಲೆಕ್ಕದಲ್ಲಿ ಕಳೆಯಿರಿ. ಒಳ್ಳೆಯ ಪ್ಲೈವುಡ್ ಎಂಡಿಎಫ್‌ಗಿಂತ ಹಗುರ, ಸ್ಕ್ರೂವನ್ನೂ ಚೆನ್ನಾಗಿ ಹಿಡಿಯುತ್ತದೆ. ಒಳಪದರಗಳಲ್ಲಿ ಪೊಳ್ಳಿಲ್ಲದ್ದನ್ನು ಆರಿಸಬೇಕು.

ಗಟ್ಟಿ ಮರ ಬೇಡ. ಹವೆಯ ತೇವಕ್ಕೆ ಮರ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಆರೂ ಕಡೆ ಅಂಟಿಸಿ ಬಿಗಿದ ಪೆಟ್ಟಿಗೆಯಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ, ಕೊನೆಗೆ ಸೀಳು ಬಿಡುತ್ತದೆ. ಮರದ ಚೆಲುವು ಬೇಕೆಂದರೆ ಹೊರಗೆ ವೆನೀರ್ (ಮರದ ತೆಳು ಹಾಳೆ) ಹಚ್ಚಿ.

ಪ್ರಶ್ನೆ: ಘನಾಕಾರದ ಪೆಟ್ಟಿಗೆ ಕೆಟ್ಟದ್ದು, ಉದ್ದ ಅಗಲ ಎತ್ತರ ಒಂದು ನಿರ್ದಿಷ್ಟ ಅನುಪಾತದಲ್ಲೇ ಇರಬೇಕು ಎನ್ನುತ್ತಾರೆ. ನಿಜವೇ?

ಪೂರ್ಣ ವ್ಯಾಪ್ತಿಯ ಸ್ಪೀಕರಿಗೆ ನಿಜ, ಸಬ್‌ವೂಫರಿಗೆ ಅಲ್ಲ. ಮೇಲಿನ ಪೆಟ್ಟಿಗೆಯ ಒಳ ಅಂಚು 41 ಸೆಂ.ಮೀ. ಅಷ್ಟು ಅಂತರದಲ್ಲಿ ಗೋಡೆಯಿಂದ ಗೋಡೆಗೆ ನಿಲ್ಲುವ ಅಲೆ ಹುಟ್ಟುವುದು 400 ಹರ್ಟ್ಜ್ ದಾಟಿದ ಮೇಲೆ. ನಿಮ್ಮ ಸಬ್‌ವೂಫರ್ ಅಷ್ಟು ಮೇಲೆ ಹಾಡುವುದೇ ಇಲ್ಲ. ಕೋಣೆಯಲ್ಲಿ ಎಲ್ಲಿ ಹೊಂದುತ್ತದೋ ಆ ಆಕಾರ ಮಾಡಿ.

ಪ್ರಶ್ನೆ: ಸಿನಿಮಾದ ಸ್ಫೋಟದ ಸದ್ದಿಗೆ ಪೋರ್ಟ್ (ಹೊರಕ್ಕೆ ತೆರೆದ ಪೈಪ್) ಇರುವ ಪೆಟ್ಟಿಗೆಯೇ ಬೇಕಂತೆ. ಪೋರ್ಟಿಗೆ ಯಾವ ಪೈಪ್, ಎಷ್ಟು ಉದ್ದ?

ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಪೋರ್ಟ್ ಮಾಡುವುದೂ ಅದನ್ನೇ. ಪೈಪಿನೊಳಗಿನ ಗಾಳಿ ಮತ್ತು ಪೆಟ್ಟಿಗೆಯ ಗಾಳಿ ಸೇರಿ ಒಂದು ಕಂಪನಾಂಕದಲ್ಲಿ ಜೋರಾಗಿ ಓಲಾಡುತ್ತವೆ. ಆ ಜಾಗದಲ್ಲಿ ಕೋನ್ ಹೆಚ್ಚು ಅಲುಗದೆಯೇ ಸದ್ದು ಹೆಚ್ಚುತ್ತದೆ. ಬೆಲೆಯೂ ಇದೆ: ಪೆಟ್ಟಿಗೆ ದೊಡ್ಡದಾಗಬೇಕು, ಆ ಕಂಪನಾಂಕದ ಕೆಳಗೆ ಸದ್ದು ಪ್ರತಿ ಸಪ್ತಕಕ್ಕೆ 24 ಡೆಸಿಬೆಲ್‌ನಂತೆ ಕುಸಿಯುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಈ ಕುಸಿತ 12 ಡೆಸಿಬೆಲ್ ಮಾತ್ರ. ಇನ್ನೂ ಅಪಾಯದ ಸಂಗತಿ, ಅಲ್ಲಿಂದ ಕೆಳಗೆ ಕೋನನ್ನು ಹಿಡಿದಿಡುವ ಗಾಳಿಯೇ ಇರುವುದಿಲ್ಲ. ಕೋನ್ ಮಿತಿ ಮೀರಿ ಚಿಮ್ಮಿ, ಅದನ್ನು ಅಲುಗಿಸುವ ತಂತಿ ಸುರುಳಿ ಹಾಳಾಗಬಹುದು. ಆದ್ದರಿಂದ ಆಂಪ್ಲಿಫೈಯರಿನಲ್ಲಿ ಅತಿ ಕೆಳಗಿನ ಕಂಪನಾಂಕಗಳನ್ನು ತಡೆಯುವ ಫಿಲ್ಟರ್ ಇಲ್ಲದಿದ್ದರೆ ಪೋರ್ಟಿನ ಆಸೆ ಬಿಡಿ.

ಉದ್ದದ ಲೆಕ್ಕ ಹೀಗೆ. 100 ಲೀಟರಿನ ಪೆಟ್ಟಿಗೆಯನ್ನು 25 ಹರ್ಟ್ಜ್‌ಗೆ ಹೊಂದಿಸಬೇಕು ಎಂದುಕೊಳ್ಳಿ. ಒಳವ್ಯಾಸ 10 ಸೆಂ.ಮೀ. ಇರುವ ಪೈಪಾದರೆ ಉದ್ದ ಸುಮಾರು 30 ಸೆಂ.ಮೀ. 5 ಸೆಂ.ಮೀ. ವ್ಯಾಸದ್ದಾದರೆ 6 ಸೆಂ.ಮೀ. ಉದ್ದ ಸಾಕು, ಆದರೆ ಅಷ್ಟು ಸಣ್ಣ ಬಾಯಿಯಿಂದ ಗಾಳಿ ನುಗ್ಗಿ ಸ್ಫೋಟದ ದೃಶ್ಯದಲ್ಲಿ ಬುಸ್ಸೆಂದು ಉಸಿರುತ್ತದೆ. 15 ಸೆಂ.ಮೀ. ವ್ಯಾಸದ್ದರಲ್ಲಿ ಉಸಿರಿನ ಸದ್ದಿಲ್ಲ, ಆದರೆ ಉದ್ದ ಮುಕ್ಕಾಲು ಮೀಟರ್ ಹತ್ತಿರ. ಪೆಟ್ಟಿಗೆಯೊಳಗೆ ಮಡಿಸಿ ಕೂರಿಸಬೇಕು. ಈ ಹಗ್ಗಜಗ್ಗಾಟದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಉಚಿತವಾಗಿ ಸಿಗುವ ವಿನ್ಯಾಸ ತಂತ್ರಾಂಶಗಳು ತೋರಿಸಿಕೊಡುತ್ತವೆ. ಪೈಪಿನ ಗಾಳಿಯ ವೇಗ ಸೆಕೆಂಡಿಗೆ 17 ಮೀಟರ್ ಆಸುಪಾಸಿನಲ್ಲೇ ಉಳಿಯುವಂತೆ ನೋಡಿಕೊಳ್ಳಿ.

ಇದು ನಿಮ್ಮ ಮೊದಲ ಪೆಟ್ಟಿಗೆಯಾದರೆ ಮುಚ್ಚಿದ್ದನ್ನೇ ಕಟ್ಟಿ. ಎರಡು ಲೀಟರ್ ಹೆಚ್ಚುಕಡಿಮೆಯಾದರೂ ಅದು ಕ್ಷಮಿಸುತ್ತದೆ, ಪೋರ್ಟ್ ಪೆಟ್ಟಿಗೆಗೆ ಅಷ್ಟು ಔದಾರ್ಯವಿಲ್ಲ.

ಪ್ರಶ್ನೆ: ಪೆಟ್ಟಿಗೆ ಸಿದ್ಧವಾಗಿದೆ. ಜೋರಾಗಿ ಹಾಕಿದಾಗ ಎಲ್ಲಿಂದಲೋ ಸೀಟಿಯಂಥ ಸದ್ದು ಬರುತ್ತಿದೆ.

ಗಾಳಿ ಸೋರುತ್ತಿದೆ. ಮುಚ್ಚಿದ ಪೆಟ್ಟಿಗೆಯಾದರೆ ಬೆರಳುಗಳಿಂದ ಕೋನನ್ನು ಸುತ್ತಲೂ ಸಮವಾಗಿ, ಮೆಲ್ಲಗೆ ಒತ್ತಿ ಬಿಡಿ. ನಿಧಾನವಾಗಿ ಮರಳಿದರೆ ಪೆಟ್ಟಿಗೆ ಬಿಗಿಯಾಗಿದೆ, ತಟ್ಟನೆ ಮರಳಿದರೆ ಸೋರಿಕೆ ಇದೆ. ಆಮೇಲೆ 25 ಹರ್ಟ್ಜ್ ಸ್ವರವನ್ನು ಮಧ್ಯಮ ಮಟ್ಟದಲ್ಲಿ ಹಾಕಿ, ಒದ್ದೆ ಕೈಯನ್ನು ಸಂದುಗಳ ಉದ್ದಕ್ಕೂ ಆಡಿಸಿ. ತಂಪು ತಗುಲಿದಲ್ಲಿ ತೂತಿದೆ.

ಕಳ್ಳ ಅಡಗಿರುವುದು ಸಾಮಾನ್ಯವಾಗಿ ಹಲಗೆಯ ಸಂದಿನಲ್ಲಲ್ಲ. ಬಿಳಿ ಮರದ ಅಂಟನ್ನು ಧಾರಾಳವಾಗಿ ಹಚ್ಚಿ, ಕ್ಲಾಂಪ್ ಬಿಗಿದು ಒಂದು ರಾತ್ರಿ ಬಿಟ್ಟರೆ ಸಂದು ಎಂಡಿಎಫ್‌ಗಿಂತಲೂ ಗಟ್ಟಿ. ಸೋರುವುದು ತಂತಿ ಹೊರಬರುವ ಟರ್ಮಿನಲ್ ಬಟ್ಟಲು, ಆಂಪ್ಲಿಫೈಯರಿನ ತಗಡು, ಡ್ರೈವರಿನ ಅಂಚು. ಮೂರಕ್ಕೂ ಫೋಮ್ ಗ್ಯಾಸ್ಕೆಟ್ ಪಟ್ಟಿ ಹಾಕಿ. ಡ್ರೈವರನ್ನು ಮರದ ಸ್ಕ್ರೂನಿಂದ ಬಿಗಿಯಬೇಡಿ. ಒಂದೆರಡು ಸಲ ಬಿಚ್ಚಿ ಹಾಕಿದರೆ ಎಂಡಿಎಫ್ ಪುಡಿಯಾಗಿ ಹಿಡಿತ ಹೋಗುತ್ತದೆ. ಹಿಂದಿನಿಂದ ಟಿ-ನಟ್ (ಹಲಗೆಗೆ ಕಚ್ಚಿಕೊಳ್ಳುವ ಲೋಹದ ನಟ್) ಕೂರಿಸಿ ಬೋಲ್ಟ್ ಹಾಕಿ, ಎದುರುಬದುರು ಬೋಲ್ಟ್‌ಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯುತ್ತಾ ಬನ್ನಿ.

ಪ್ರಶ್ನೆ: ಎಂಡಿಎಫ್ ಪೆಟ್ಟಿಗೆಗೆ ಹೊಳೆಯುವ ಕಪ್ಪು ಬಣ್ಣ ಬಳಿದೆ. ಮೊದಲು ಕನ್ನಡಿಯಂತಿತ್ತು. ತಿಂಗಳಾಗುವಷ್ಟರಲ್ಲಿ ಪ್ರತಿ ಸಂದಿನಲ್ಲೂ ಕೂದಲೆಳೆಯಂಥ ಗೆರೆ ಎದ್ದಿದೆ. ಬಣ್ಣದ ದೋಷವೇ?

ಬಣ್ಣ ನಿರಪರಾಧಿ. ಎಂಡಿಎಫ್‌ನ ಮುಖ ಒತ್ತಿ ಗಟ್ಟಿಯಾದ ಪದರ, ಕತ್ತರಿಸಿದ ಅಂಚು ಸಡಿಲವಾದ ನಾರು. ತೇವ ಸಿಕ್ಕಾಗ ಹಲಗೆ ತನ್ನ ದಪ್ಪದ ದಿಕ್ಕಿನಲ್ಲಿ ಹೆಚ್ಚು ಉಬ್ಬುತ್ತದೆ, ಉದ್ದ ಅಗಲಗಳಲ್ಲಿ ಬಹಳ ಕಡಿಮೆ. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಲಗೆಯ ಅಂಚೂ ಇನ್ನೊಂದರ ಮುಖವೂ ಅಕ್ಕಪಕ್ಕ ಬಂದಿರುತ್ತವೆ. ಎರಡರ ಏರಿಳಿತ ಬೇರೆ ಬೇರೆಯಾದ್ದರಿಂದ ನಡುವೆ ಗೆರೆ ಮೂಡುತ್ತದೆ. ಅಂಟಿನ ನೀರು ಕುಡಿದು ಅಂಚು ಉಬ್ಬಿರುವಾಗಲೇ ಉಜ್ಜಿ ಸಮ ಮಾಡಿದರೆ, ಒಣಗಿದ ಮೇಲೆ ಅದು ತಗ್ಗುತ್ತದೆ. ಆಗಲೂ ಇದೇ ಗತಿ. ಮತ್ತೊಂದು ಕೋಟ್ ಬಳಿದರೆ ಗೆರೆ ಕೆಲಕಾಲ ಅಡಗಿ ಮತ್ತೆ ಏಳುತ್ತದೆ.

ಈಗ ಮಾಡಬೇಕಾದ್ದು: ಗೆರೆ ಇರುವಲ್ಲಿ ಹಲಗೆಯವರೆಗೂ ಉಜ್ಜಿ. ಕಾರಿನ ಡೆಂಟ್ ತುಂಬಲು ಬಳಸುವ, ಎರಡು ಭಾಗ ಕಲಸುವ ಪಾಲಿಯೆಸ್ಟರ್ ಪುಟ್ಟಿಯನ್ನು ತೆಳುವಾಗಿ ಎಳೆದು, ಗಟ್ಟಿಯಾದ ಮೇಲೆ ಮರದ ತುಂಡಿಗೆ ಸುತ್ತಿದ ಉಪ್ಪು ಕಾಗದದಿಂದ ಸಮ ಮಾಡಿ. ಬೆರಳಿನಿಂದ ಉಜ್ಜಿದರೆ ತಗ್ಗು ಬೀಳುತ್ತದೆ. ಬಳಿಕ ಥಿನ್ನರ್ ಆಧಾರಿತ ಪ್ರೈಮರ್. ನೀರಿನ ಪ್ರೈಮರ್ ಹಚ್ಚಿದರೆ ನಾರು ಮತ್ತೆ ಏಳುತ್ತದೆ. 180, 240, 320 ನಂಬರಿನ ಕಾಗದಗಳಿಂದ ಕೋಟ್‌ಗಳ ನಡುವೆ ಉಜ್ಜುತ್ತಾ ಬನ್ನಿ. ದೀಪವನ್ನು ಓರೆಯಾಗಿ ಹಿಡಿದು ನೋಡಿದರೆ ಕಣ್ಣು ತಪ್ಪಿಸಿದ್ದೆಲ್ಲ ಕಾಣುತ್ತದೆ. ಉಜ್ಜುವಾಗ ಮಾಸ್ಕ್ ಕಡ್ಡಾಯ, ಕೆಲಸ ಬಯಲಿನಲ್ಲಿ; ಎಂಡಿಎಫ್‌ನ ಧೂಳು ಬಹಳ ಸಣ್ಣ, ಅದರ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ.

ಇಷ್ಟಾದರೂ ಗೆರೆ ಬಾರದೆಂದು ಖಾತರಿ ಕೊಡಲಾರೆ. ಹೊಳಪಿನ ಕಪ್ಪು ಅತ್ಯಂತ ನಿರ್ದಯಿ ಬಣ್ಣ. ಮ್ಯಾಟ್ ಅಥವಾ ತರಿತರಿ ಬಣ್ಣ ಅರ್ಧ ದೋಷವನ್ನು ನುಂಗುತ್ತದೆ. ಮುಂದಿನ ಪೆಟ್ಟಿಗೆಗೆ ನನ್ನ ಮೆಚ್ಚಿನ ಉಪಾಯ, ಪ್ರತಿ ಸಂದಿನ ಮೇಲೂ ಬೇಕೆಂದೇ ಎರಡು ಮಿಲಿಮೀಟರಿನ ಕಾಲುವೆ ಕೊರೆಯುವುದು. ಆಗ ಗೆರೆ ಎದ್ದರೂ ಅದು ವಿನ್ಯಾಸವೆಂದೇ ಕಾಣುತ್ತದೆ.

ವೆನೀರ್ ಹಚ್ಚುವವರಿಗೆ ಒಂದು ಮಾತು. ಕಾಂಟ್ಯಾಕ್ಟ್ ಅಂಟನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿಸಬೇಕು. ಒಮ್ಮೆ ತಾಗಿದರೆ ಸರಿಸಲು ಬರುವುದಿಲ್ಲ; ನಡುವೆ ಕಡ್ಡಿಗಳನ್ನು ಇಟ್ಟು ಒಂದೊಂದಾಗಿ ತೆಗೆಯುತ್ತಾ ಒತ್ತಿಕೊಂಡು ಹೋಗಿ. ಡ್ರೈವರಿನ ತೂತಿನ ಮೇಲೂ ವೆನೀರ್ ಹೊದಿಸಿ ಆಮೇಲೆ ಕತ್ತರಿಸಿದರೆ ಅಂಚು ನೀಟಾಗಿರುತ್ತದೆ. ಡ್ರೈವರ್ ಕೂರುವ ತಗ್ಗಿನ ಸುತ್ತ ಮೊದಲೇ ಒಂದು ಮಿಲಿಮೀಟರ್ ಸಡಿಲ ಬಿಟ್ಟಿರಿ, ಬಣ್ಣಕ್ಕೂ ವೆನೀರಿಗೂ ದಪ್ಪವಿದೆ.

ಪ್ರಶ್ನೆ: ಎಲ್ಲವನ್ನೂ ಲೆಕ್ಕದಂತೆಯೇ ಮಾಡಿದ್ದೇನೆ. ಆದರೂ ಒಂದು ಸ್ವರ ಮಾತ್ರ ಗುಂಯ್ ಎನ್ನುತ್ತದೆ. ಪೆಟ್ಟಿಗೆ ಬಿಚ್ಚಬೇಕೇ?

ಬಿಚ್ಚಬೇಡಿ, ಅದು ಕೋಣೆಯ ಕೆಲಸ. ಐದು ಮೀಟರ್ ಉದ್ದದ ಕೋಣೆ 34 ಹರ್ಟ್ಜ್ ಸುಮಾರಿಗೆ ತಾನೇ ಮೊಳಗುತ್ತದೆ. ಸಬ್‌ವೂಫರನ್ನು ನೀವು ಕೂರುವ ಸೋಫಾದ ಜಾಗದಲ್ಲಿ ಇಡಿ, ಬಾಸ್ ಹೆಚ್ಚಿರುವ ಹಾಡು ಹಾಕಿ, ಗೋಡೆಗಳ ಉದ್ದಕ್ಕೂ ಕಿವಿಯನ್ನು ಪೆಟ್ಟಿಗೆಯ ಎತ್ತರಕ್ಕೆ ತಗ್ಗಿಸಿ ಅಂಬೆಗಾಲಿಕ್ಕಿ. ಎಲ್ಲಿ ಸ್ವರಗಳೆಲ್ಲ ಸಮನಾಗಿ ಕೇಳುತ್ತವೋ ಅಲ್ಲಿ ಪೆಟ್ಟಿಗೆಯನ್ನು ಇಡಿ. ಮನೆಯವರು ನಗಲಿ. ರಿಸೀವರಿನ ಕ್ರಾಸ್‌ಓವರನ್ನು (ಯಾವ ಕಂಪನಾಂಕದ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗಬೇಕೆಂದು ನಿರ್ಧರಿಸುವ ಹೊಂದಿಕೆ) 80 ಹರ್ಟ್ಜ್‌ಗೆ ಇಟ್ಟು, ಕೋನಿನ ಚಲನೆಯ ದಿಕ್ಕನ್ನು ತಿರುವುಮುರುವು ಮಾಡುವ ಫೇಸ್ ಸ್ವಿಚ್ಚಿನ ಎರಡೂ ಸ್ಥಾನಗಳಲ್ಲಿ ಕೇಳಿ. ಆ ಆಸುಪಾಸಿನ ಬಾಸ್ ಯಾವುದರಲ್ಲಿ ತುಂಬಿಕೊಂಡು ಬರುತ್ತದೋ ಅದೇ ಸರಿಯಾದದ್ದು.