ಕೋಡ್ ಸಂದೇಹ: ಕಣ್ಣಿಗೆ ಸರಿ, ಕಂಪ್ಯೂಟರಿಗೆ ತಪ್ಪು

ಪ್ರಶ್ನೆ: ಕಾಫಿ, ಕರಿಮೆಣಸಿನ ದಿನದ ದರ ತೋರಿಸುವ ಪುಟವನ್ನು ಪಿಎಚ್‌ಪಿಯಲ್ಲಿ ಬರೆಯುತ್ತಿದ್ದೇನೆ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಪಟ್ಟಿ) ಫೈಲಿನಿಂದ ಬಂದ ಅರೇಯನ್ನು, ಅಂದರೆ ಮೌಲ್ಯಗಳ ಪಟ್ಟಿಯನ್ನು, ಎಕೋ ಮಾಡಿದರೆ ಬರೀ ‘ಅರೇ’ ಎಂಬ ಪದ. ಪ್ರಿಂಟ್_ಆರ್ ಕೊಟ್ಟರೆ ಎಲ್ಲವೂ ಒಂದೇ ಸಾಲಿನಲ್ಲಿ ಕಲಸುಮೇಲೋಗರ. ಸಾಲದ್ದಕ್ಕೆ ರೋಬಸ್ಟಾದ ‘ಪಾರ್ಚ್‌ಮೆಂಟ್’ ದರ ಮಾತ್ರ ಸಿಗುವುದಿಲ್ಲ. ಕೀ (ಮೌಲ್ಯವನ್ನು ಹುಡುಕುವ ಹೆಸರು) ಸರಿಯಾಗಿಯೇ ಇದೆ. ಏನು ಮಾಡಲಿ?
– ಓದುಗರು, ಸೋಮವಾರಪೇಟೆ

ಉತ್ತರ: ಪ್ರಿಂಟ್_ಆರ್ ಸಾಲು ಮುರಿದೇ ಕೊಡುತ್ತದೆ, ನುಂಗುವುದು ಬ್ರೌಸರ್. ಎಚ್‌ಟಿಎಂಎಲ್‌ನಲ್ಲಿ ಎಷ್ಟು ಸಾಲು ಬಿಟ್ಟರೂ ಅದು ಒಂದೇ ಖಾಲಿ ಜಾಗ. ಪ್ರಿಂಟ್_ಆರ್‌ಗೆ ಮೊದಲು ಪ್ರೀ ಟ್ಯಾಗ್ (ಸಾಲುಗಳನ್ನು ಇದ್ದಂತೆಯೇ ತೋರಿಸುವ ಗುರುತು) ತೆರೆದು, ಆಮೇಲೆ ಮುಚ್ಚಿ. ಅಷ್ಟೂ ಬೇಡವೆಂದರೆ ಕಂಟ್ರೋಲ್–ಯು ಒತ್ತಿ ಪುಟದ ಮೂಲ ನೋಡಿ. ಅರೇಯೊಳಗೆ ಎಚ್‌ಟಿಎಂಎಲ್ ತುಣುಕುಗಳಿದ್ದರೆ ಪ್ರಿಂಟ್_ಆರ್‌ಗೆ ಎರಡನೆಯದಾಗಿ ಟ್ರೂ ಕೊಡಿ. ಪರದೆಗೆ ಸುರಿಯದೆ ಸ್ಟ್ರಿಂಗ್ ಆಗಿ ಕೈಗೆ ಕೊಡುತ್ತದೆ. ಅದನ್ನು ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್‌ಗೆ ಹಾಕಿ ತೋರಿಸಿ.

ಸಿಗದ ದರದ ವಿಚಾರ ಬೇರೆ. ಅದಕ್ಕೆ ಪ್ರಿಂಟ್_ಆರ್ ನಂಬಬೇಡಿ. ಫಾಲ್ಸ್, ನಲ್, ಖಾಲಿ ಸ್ಟ್ರಿಂಗ್ ಮೂರೂ ಅದರಲ್ಲಿ ಒಂದೇ ತರಹ ಖಾಲಿ. ವಾರ್_ಡಂಪ್ ಪ್ರತಿ ಮೌಲ್ಯದ ಜಾತಿಯನ್ನೂ ಸ್ಟ್ರಿಂಗಿನ ಉದ್ದವನ್ನೂ ಹೇಳುತ್ತದೆ, ಆದರೆ ಕೀಗಳ ಉದ್ದ ಹೇಳುವುದಿಲ್ಲ. ಆದ್ದರಿಂದ ಮೊದಲು ಅರೇ_ಕೀಸ್‌ನಿಂದ ಕೀಗಳ ಪಟ್ಟಿ ತೆಗೆದು ಅದನ್ನು ಡಂಪ್ ಮಾಡಿ.

ಉದ್ದ ಬೈಟ್ ಲೆಕ್ಕದಲ್ಲಿರುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ‘ಕಾಫಿ’ಯಲ್ಲಿ ಕ, ಇಳಿ, ಫ, ಗುಡಿಸು ಸೇರಿ 4 ಚಿಹ್ನೆ, 12 ಬೈಟ್. ‘ಪಾರ್ಚ್‌ಮೆಂಟ್’ 36 ಬರಬೇಕು. 37 ಬಂದರೆ ಕೊನೆಯಲ್ಲೊಂದು ಸ್ಪೇಸ್ ಇದೆ, ಟ್ರಿಮ್ ಸಾಕು. 39 ಬಂದರೆ ಕೊನೆಯ ಅರ್ಧಾಕ್ಷರದ ನಂತರ ಕಾಣದ ಜೋಡಣೆ-ತಡೆ ಚಿಹ್ನೆ, ಅಂದರೆ ಜೀರೋ ವಿಡ್ತ್ ನಾನ್ ಜಾಯ್ನರ್, ಕೂತಿದೆ. ಟ್ರಿಮ್ ಅದನ್ನು ಮುಟ್ಟುವುದಿಲ್ಲ. ಅದೇ ಕೀಯನ್ನು ಜೇಸನ್_ಎನ್‌ಕೋಡ್‌ಗೆ ಬೇರೇನೂ ಸೇರಿಸದೆ ಕೊಡಿ: ಕನ್ನಡವೆಲ್ಲ ಸಂಕೇತವಾಗಿ ಓದಲು ಹಿಂಸೆ, ಆದರೆ ಕೊನೆಯಲ್ಲಿ 200ಸಿ (ಆ ಚಿಹ್ನೆಯ ಯುನಿಕೋಡ್ ಸಂಖ್ಯೆ) ಎಂದು ಕಳ್ಳ ಸಿಕ್ಕಿಬೀಳುತ್ತಾನೆ. ಓದುವುದಕ್ಕಷ್ಟೇ ಆದರೆ ಪ್ರೆಟಿ_ಪ್ರಿಂಟ್ ಮತ್ತು ಅನ್‌ಎಸ್ಕೇಪ್ಡ್_ಯುನಿಕೋಡ್ ಎಂಬ ಆಯ್ಕೆ ಎರಡೂ ಸೇರಿಸಿ.

ಆ ಕಾಣದ ಚಿಹ್ನೆ ತೆಗೆಯುವಾಗ ಪದದ ಕೊನೆಯದನ್ನು ಮಾತ್ರ ತೆಗೆಯಿರಿ. ಒಳಗಿನದು ಹೋದರೆ ‘ಚ್’ಗೆ ‘ಮೆ’ ಒತ್ತಾಗಿ ಅಂಟುತ್ತದೆ. ಆರ್‌ಟ್ರಿಮ್‌ಗೆ ಆ ಚಿಹ್ನೆ ಕೊಡಬೇಡಿ, ಅದು ಬೈಟ್ ಬೈಟಾಗಿ ಕಡಿಯುತ್ತದೆ, ಔತ್ವದ ಕೊನೆಯ ಬೈಟೂ ಅದೇ ಆಗಿರುವುದರಿಂದ ಅಕ್ಷರವೇ ಹಾಳು. ಯು ಗುರುತಿರುವ ಪ್ರೆಗ್_ರಿಪ್ಲೇಸ್ ಬಳಸಿ. ತೊಂದರೆ ಫೈಲಿನ ಮೊದಲ ಕಾಲಮ್ಮಿಗಷ್ಟೇ ಇದ್ದರೆ ಎಕ್ಸೆಲ್ ಸೇರಿಸಿದ ಬಾಮ್ (ಫೈಲಿನ ಆರಂಭದ ಕಾಣದ ಗುರುತು) ಇರಬಹುದು. ಅದೂ 3 ಬೈಟೇ, ಆದರೆ ಪದದ ಆರಂಭದಲ್ಲಿ.

ಪ್ರಶ್ನೆ: ಹೋಂಸ್ಟೇ ಕೋಣೆಗಳ ಪಟ್ಟಿಯನ್ನು ಜಾವಾಸ್ಕ್ರಿಪ್ಟಿನಲ್ಲಿ ಕನ್ಸೋಲ್.ಲಾಗ್ ಮಾಡುತ್ತೇನೆ. ಬದಲಾಯಿಸುವ ಮೊದಲೇ ಬದಲಾದ ಬೆಲೆ ಕಾಣುತ್ತದೆ, ಏಕೆ?
– ಓದುಗರು, ವಿರಾಜಪೇಟೆ

ಉತ್ತರ: ಬಾಣದ ಗುರುತು ಒತ್ತಿ ಬಿಡಿಸಿದ ಹೊತ್ತಿನ ಬೆಲೆ ಅದು, ಲಾಗ್ ಮಾಡಿದ ಹೊತ್ತಿನದಲ್ಲ. ಸ್ಟ್ರಕ್ಚರ್ಡ್‌ಕ್ಲೋನ್ ಮಾಡಿದ ಪ್ರತಿಯನ್ನು ಲಾಗ್ ಮಾಡಿ. ಕೋಣೆ, ಬಾಡಿಗೆ, ದಿನಾಂಕ ಇರುವ ಪಟ್ಟಿಗೆ ಕನ್ಸೋಲ್.ಟೇಬಲ್ ಇನ್ನೂ ಚೆಂದ. ಕಾಲಮ್ಮಿನ ತಲೆ ಒತ್ತಿದರೆ ವಿಂಗಡಿಸಿಯೂ ಕೊಡುತ್ತದೆ. ಪಟ್ಟಿ ಪಿಎಚ್‌ಪಿಯಿಂದ ಜೇಸನ್ ಆಗಿ ಬರುತ್ತಿದ್ದರೆ ಅಲ್ಲಿ ಪ್ರಿಂಟ್_ಆರ್ ಬಿಡಬೇಡಿ, ಪಾರ್ಸ್ ಮುರಿಯುತ್ತದೆ, ಎರರ್_ಲಾಗ್‌ಗೆ ಕಳಿಸಿ.