ವಾರ್ಡಿನಲ್ಲಿ ರೋಗಿಯ ಸುರಕ್ಷತೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನ್ನ ಅತ್ತೆಯವರಿಗೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯಲ್ಲಿದ್ದಾಗಲೇ ಬೆನ್ನಿನ ಕೆಳಭಾಗದಲ್ಲಿ ಹಾಸಿಗೆ ಹುಣ್ಣಾಯಿತು. ವಯಸ್ಸಾದವರಿಗೆ ಇದು ಸಹಜ ಎಂದು ಅಲ್ಲಿಯವರು ಹೇಳಿದರು. ನಿಜವೇ?
– ಗೃಹಿಣಿ, ಡೊಂಬಿವಲಿ

ಉತ್ತರ: ವಯಸ್ಸು, ಸಕ್ಕರೆ ಕಾಯಿಲೆ, ರಕ್ತಹೀನತೆ ಇವೆಲ್ಲ ಹಾಸಿಗೆ ಹುಣ್ಣಿನ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಆದರೆ ‘ಸಹಜ’ ಎಂಬ ಮಾತನ್ನು ನಾನು ಒಪ್ಪಲಾರೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ ಅವರು 1973ರಲ್ಲಿ ಅಲ್ಲಿಯೇ ನಡೆದ ದಾಳಿಯಿಂದ ಮಿದುಳಿಗೆ ಪೆಟ್ಟಾಗಿ, 2015ರಲ್ಲಿ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅಷ್ಟು ವರ್ಷ ಅವರ ಮೈಮೇಲೆ ಹುಣ್ಣಾಗದಂತೆ ನೋಡಿಕೊಂಡವರು ಸಾರ್ವಜನಿಕ ಆಸ್ಪತ್ರೆಯ ದಾದಿಯರು. ಒಂದು ತಲೆಮಾರಿನವರು ನಿವೃತ್ತರಾದ ಮೇಲೆ ಇನ್ನೊಂದು ತಲೆಮಾರಿನವರು ಅದನ್ನು ಮುಂದುವರಿಸಿದರು. ಸುಪ್ರೀಂ ಕೋರ್ಟು ಕೂಡ 2011ರ ತೀರ್ಪಿನಲ್ಲಿ ಅವರ ಸೇವೆಯನ್ನು ಮನಸಾರೆ ಮೆಚ್ಚಿಕೊಂಡಿದೆ.

ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಹರಿಯದೆ ಹೋದಾಗ ಹುಣ್ಣಾಗುತ್ತದೆ. ಬೆನ್ನಿನ ಬುಡ ಮತ್ತು ಹಿಮ್ಮಡಿಗಳನ್ನು ದಿನವೂ ನೋಡಬೇಕು. ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಕಂಡರೆ ಅದು ಮೊದಲ ಸೂಚನೆ; ನಮ್ಮಂತಹ ಕಂದು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದಿರುವುದರಿಂದ, ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡುವುದು ಒಳ್ಳೆಯದು. ಅಲ್ಲಿ ಸ್ಪಿರಿಟ್ ಹಚ್ಚಿ ತಿಕ್ಕಬಾರದು. ಗಾಳಿ ಹಾಸಿಗೆ ತಂದುಕೊಟ್ಟ ಮೇಲೆ ಮಗ್ಗುಲು ಬದಲಿಸುವ ಅಗತ್ಯವಿಲ್ಲವೆಂದು ಅನೇಕರು ಭಾವಿಸುತ್ತಾರೆ, ಅದೂ ಸರಿಯಲ್ಲ. ಎಷ್ಟು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೀರಿ, ಅದನ್ನು ಎಲ್ಲಿ ಬರೆದಿಡುತ್ತೀರಿ ಎಂದು ದಾಖಲಾದ ದಿನವೇ ಸಿಸ್ಟರನ್ನು ವಿನಯದಿಂದ ಕೇಳಿ.

ಪ್ರಶ್ನೆ: ನಮ್ಮ ತಂದೆಯವರಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಅದೇ ವಾರ್ಡಿನಲ್ಲಿ ಇನ್ನೊಬ್ಬರು ಶೆಟ್ಟಿಯವರಿದ್ದರು. ಅವರ ಇಂಜೆಕ್ಷನ್ ತಂದೆಯವರಿಗೆ ಬೀಳುವುದರಲ್ಲಿತ್ತು, ಪಕ್ಕದಲ್ಲಿದ್ದ ನನ್ನ ತಮ್ಮ ತಡೆದ. ಇಂಥದನ್ನು ತಪ್ಪಿಸುವುದು ಹೇಗೆ?
– ಓದುಗರು, ಮಾಟುಂಗಾ

ಉತ್ತರ: ‘ನೀವು ಶೆಟ್ಟಿಯವರಲ್ಲವೇ?’ ಎಂದು ಮರಾಠಿಯಲ್ಲಿ ಕೇಳಿದರೆ ಜ್ವರದಲ್ಲಿ ಮಲಗಿದ ಹಿರಿಯರು ತಲೆಯಾಡಿಸಿಬಿಡುತ್ತಾರೆ. ಆದ್ದರಿಂದ ‘ನಿಮ್ಮ ಪೂರ್ತಿ ಹೆಸರು ಹೇಳಿ’ ಎಂದು ರೋಗಿಯ ಬಾಯಿಂದಲೇ ಹೇಳಿಸಿ, ಅದನ್ನೂ ನೋಂದಣಿ ಸಂಖ್ಯೆ ಅಥವಾ ಜನ್ಮದಿನಾಂಕವನ್ನೂ ಕೈಪಟ್ಟಿಯೊಂದಿಗೆ ತಾಳೆ ನೋಡಬೇಕೆಂಬುದು ನಿಯಮ. ರೋಗಿಯನ್ನು ಹಾಸಿಗೆಯ ಸಂಖ್ಯೆಯಿಂದ ಗುರುತಿಸುವಂತಿಲ್ಲ, ಏಕೆಂದರೆ ಸಂಜೆಯೊಳಗೆ ಆ ಹಾಸಿಗೆಗೆ ಬೇರೊಬ್ಬರು ಬಂದಿರಬಹುದು. ಮುಂಬಯಿಯಲ್ಲಿ ಶೆಟ್ಟಿ, ಪೂಜಾರಿ, ರಾವ್ ಎಂಬ ಅಡ್ಡಹೆಸರಿನವರು ಒಂದೇ ವಾರ್ಡಿನಲ್ಲಿ ಇಬ್ಬರು ಮೂವರು ಸಿಗುವುದು ಅಪರೂಪವಲ್ಲ. ಹಾಗಿದ್ದಾಗ ಕೇಸ್ ಪೇಪರಿನ ಮೇಲೆ ಎಚ್ಚರಿಕೆಯ ಗುರುತು ಹಾಕಲು ಹೇಳಿ, ರೋಗಿಗೆ ತಿಳಿಯುವ ಭಾಷೆ ಯಾವುದೆಂದು ಅದರಲ್ಲೇ ಬರೆಯಿಸಿ.

ಮನೆಯಿಂದ ಇನ್ಸುಲಿನ್ ತರುವವರು ಒಂದು ವಿಷಯ ಗಮನಿಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. ಒಂದರ ಬದಲು ಇನ್ನೊಂದನ್ನು ಬಳಸಿದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ.

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ರಾತ್ರಿ ಪಾಳಿಯಲ್ಲಿ ತಪ್ಪು ಆಂಪೂಲ್ (ಇಂಜೆಕ್ಷನ್ ಔಷಧದ ಪುಟ್ಟ ಸೀಸೆ) ಕೈಗೆತ್ತಿಕೊಂಡು, ಸಿರಿಂಜಿಗೆ ಎಳೆಯುವ ಮೊದಲೇ ನೋಡಿ ಹಿಂದಿಟ್ಟೆ. ರೋಗಿಗೆ ಏನೂ ಆಗಲಿಲ್ಲ. ಇದನ್ನೂ ವರದಿ ಮಾಡಬೇಕೇ? ಮೆಮೊ ಕೊಡುತ್ತಾರೆಂಬ ಭಯವಿದೆ.
– ಓದುಗರು, ಠಾಣೆ

ಉತ್ತರ: ಮಾಡಲೇಬೇಕು. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಅದಕ್ಕೆ ಕಾರಣರಾದವರು ನೀವಲ್ಲ. ಆ ಎರಡು ಆಂಪೂಲುಗಳು ಒಂದೇ ಗಾತ್ರದವಾಗಿ, ಒಂದೇ ಬಣ್ಣದ ಅಕ್ಷರ ಹೊತ್ತು, ಒಂದೇ ಟ್ರೇಯಲ್ಲಿ ಅಕ್ಕಪಕ್ಕ ಇದ್ದಿರಬೇಕು. ಮಂದ ಬೆಳಕು, ಜೊತೆಗೆ ಒಬ್ಬರ ಪಾಲಿಗೆ ಹೆಚ್ಚು ರೋಗಿಗಳು. ನೀವು ಸುಮ್ಮನಾದರೆ ಟ್ರೇ ಹಾಗೆಯೇ ಉಳಿಯುತ್ತದೆ, ನಾಳೆ ಅದೇ ಟ್ರೇಗೆ ಇನ್ನೊಬ್ಬಳು ಹುಡುಗಿ ಕೈಹಾಕುತ್ತಾಳೆ. ಉದಾಹರಣೆಗೆ, ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಔಷಧ ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಅದಕ್ಕೆ ಹುಡುಕಿದ ಪರಿಹಾರ ದಾದಿಯರಿಗೆ ಉಪದೇಶ ಮಾಡುವುದಲ್ಲ, ಆ ಆಂಪೂಲುಗಳನ್ನು ಸಾಮಾನ್ಯ ವಾರ್ಡುಗಳಿಂದಲೇ ತೆಗೆದು ಬೇರೆಡೆ ಬೀಗದಲ್ಲಿಡುವುದು. ಅಂಥ ಬದಲಾವಣೆಗಳು ಹುಟ್ಟುವುದು ನಿಮ್ಮಂಥವರ ವರದಿಗಳಿಂದ.

ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡಲು 2005ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಂಡಳಿ ಎನ್‌ಎಬಿಎಚ್‌ನ ಮಾನ್ಯತೆ ಪಡೆದ ಆಸ್ಪತ್ರೆಗಳು ಇಂಥ ಘಟನೆಗಳನ್ನು ವರದಿ ಮಾಡಿಸಿಕೊಂಡು ಕಾರಣ ಹುಡುಕುವ ವ್ಯವಸ್ಥೆಯನ್ನು ಇಟ್ಟುಕೊಳ್ಳಬೇಕು. ಪ್ರಾಮಾಣಿಕವಾಗಿ ತಿಳಿಸಿದವರಿಗೆ ಮೆಮೊ ಕೊಡುವ ಆಡಳಿತಕ್ಕೆ ಕ್ರಮೇಣ ಯಾವ ವರದಿಯೂ ಬರುವುದಿಲ್ಲ, ಮತ್ತು ವರದಿ ಬಾರದ ಆಸ್ಪತ್ರೆಯನ್ನು ನಾನು ಸುರಕ್ಷಿತವೆಂದು ನಂಬುವುದಿಲ್ಲ. ಆಪರೇಷನ್ ಥಿಯೇಟರಿನ ಉದಾಹರಣೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ತಪಾಸಣಾ ಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿದಾಗ, ಶಸ್ತ್ರಚಿಕಿತ್ಸೆಯ ನಂತರದ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತು. ಅದರಲ್ಲಿ ಹೊಸ ಔಷಧವಿರಲಿಲ್ಲ, ಹೊಸ ಯಂತ್ರವಿರಲಿಲ್ಲ. ಚರ್ಮಕ್ಕೆ ಕತ್ತಿ ತಾಗಿಸುವ ಮೊದಲು ಎಲ್ಲರೂ ಒಂದು ಕ್ಷಣ ನಿಂತು, ತಮ್ಮ ಹೆಸರು ಹೇಳಿ, ರೋಗಿ ಯಾರು, ಯಾವ ಭಾಗಕ್ಕೆ ಏನು ಮಾಡುತ್ತಿದ್ದೇವೆ ಎಂದು ಗಟ್ಟಿಯಾಗಿ ಹೇಳಿಕೊಳ್ಳುವುದಿತ್ತು. ಕಿರಿಯ ಸಿಸ್ಟರಿಗೂ ಹಿರಿಯ ಸರ್ಜನ್ನರ ಎದುರು ‘ಸರ್, ಸ್ವಲ್ಪ ನಿಲ್ಲಿ’ ಎನ್ನುವ ಅವಕಾಶ ಅದರಿಂದ ಸಿಕ್ಕಿತು.

ವರದಿಯಲ್ಲಿ ಸಮಯ, ಔಷಧಗಳ ಹೆಸರು, ಅವು ಇದ್ದ ಜಾಗ ಇಷ್ಟನ್ನು ಬರೆಯಿರಿ. ಸಾಧ್ಯವಾದರೆ ಟ್ರೇಯನ್ನು ಇನ್‌ಚಾರ್ಜ್ ಸಿಸ್ಟರಿಗೆ ತೋರಿಸಿ.

ಪ್ರಶ್ನೆ: ಡಾಕ್ಟರು ಮುಟ್ಟುವ ಮೊದಲು ಕೈ ತೊಳೆದಿರಾ ಎಂದು ಕೇಳಿದರೆ ತಪ್ಪಾಗುತ್ತದೆಯೇ?
– ಓದುಗರು, ಮುಲುಂಡ್

ಉತ್ತರ: ತಪ್ಪೇನಿಲ್ಲ, ಕೇಳಿ. ಹಾಸಿಗೆಯ ಬಳಿ ಸ್ಯಾನಿಟೈಸರ್ ಇದ್ದರೆ ಅದರಿಂದ 20ರಿಂದ 30 ಸೆಕೆಂಡು ಉಜ್ಜಿದರೆ ಸಾಕು. ಒಂದೇ ಕೈಗವಸಿನಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹೋಗುವುದನ್ನು ಕಂಡರಂತೂ ಹೇಳಲೇಬೇಕು. ನೋಡಲು ಬರುವ ನೆಂಟರಿಗೂ ಇದೇ ನಿಯಮ.

ಪ್ರಶ್ನೆ: ಡಿಸ್ಚಾರ್ಜ್ ಕಾರ್ಡ್ ಮಾತ್ರ ಕೊಟ್ಟರು. ಪೂರ್ತಿ ಕೇಸ್ ಪೇಪರಿನ ಪ್ರತಿ ಕೇಳಬಹುದೇ?
– ನಿವೃತ್ತ ಬ್ಯಾಂಕ್ ನೌಕರರು, ಕಲ್ಯಾಣ

ಉತ್ತರ: ಕೇಳಬಹುದು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು, ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಖಾಸಗಿ ನರ್ಸಿಂಗ್ ಹೋಂಗಳಿಗೆ ಮಹಾರಾಷ್ಟ್ರ 2021ರಲ್ಲಿ ತಿದ್ದಿದ ನಿಯಮಗಳಲ್ಲಿ ರೋಗಿಗಳ ಹಕ್ಕುಗಳ ಸನ್ನದೂ ಸೇರಿದೆ. ಬಾಯಿಮಾತಿನಲ್ಲಿ ಕೇಳಬೇಡಿ, ಎರಡು ಪ್ರತಿಯಲ್ಲಿ ಅರ್ಜಿ ಬರೆದು, ನಿಮ್ಮ ಪ್ರತಿಯ ಮೇಲೆ ಆಸ್ಪತ್ರೆಯ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಆಮೇಲೂ ಕೊಡದಿದ್ದರೆ ಆ ಪ್ರತಿಯೊಂದಿಗೆ ಮಹಾನಗರಪಾಲಿಕೆಯ ಆರೋಗ್ಯ ವಿಭಾಗಕ್ಕೆ ದೂರು ಕೊಡಿ.